ಟ್ಯಾಂಕ್ ನೋಡಿ ಮಾರುಹೋಗಬೇಡಿ: ಹಳೇ ಜಾವಾ, ಯೆಜ್ಡಿ ಗುರುತಿಸೋದು ಹೇಗೆ

ಹಳೇ ಬೈಕ್ ಕಂಡ ತಕ್ಷಣ ಎಲ್ಲರ ಕಣ್ಣು ಮೊದಲು ಹೋಗುವುದು ಪೆಟ್ರೋಲ್ ಟ್ಯಾಂಕ್ ಮೇಲೆ. ಮೆರೂನ್ ಬಣ್ಣ, ಪಕ್ಕದಲ್ಲಿ ಹೊಳೆಯುವ ಕ್ರೋಮು, ಅದರ ಮೇಲೆ ಜಾವಾ ಅನ್ನೋ ಅಕ್ಷರ. ಮುಗೀತು, ಮನಸ್ಸು ಅಲ್ಲೇ ಕರಗಿ ಹೋಗುತ್ತದೆ. ಆದರೆ ಇಡೀ ಗಾಡಿಯಲ್ಲಿ ಬದಲಾಯಿಸೋಕೆ ತುಂಬಾ ಸುಲಭವಾದ ಸಾಮಾನು ಅಂದರೆ ಅದೇ ಟ್ಯಾಂಕ್. ಪೆಟ್ರೋಲ್ ಪೈಪ್ ಬಿಚ್ಚಿ, ಬೋಲ್ಟ್ ಸಡಿಲಿಸಿ, ಎತ್ತಿ ಪಕ್ಕಕ್ಕಿಟ್ಟರಾಯಿತು. ಯೆಜ್ಡಿ ಅನ್ನೋದು ಮೈಸೂರಿನ ಜಾವಾ ಕಾರ್ಖಾನೆಯೇ ತನ್ನ ಗಾಡಿಗೆ ಆಮೇಲೆ ಇಟ್ಟ ಹೆಸರು. ಒಂದು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಆ ಯೆಜ್ಡಿ ಹೋಗಿ ಜಾವಾ ಆಗಿರುತ್ತದೆ. ಹಾಗಾಗಿ ಬದಲಾಯಿಸೋಕೆ ಕಷ್ಟವಾದದ್ದನ್ನು ಮೊದಲು ನೋಡಿ, ಸುಲಭವಾದದ್ದನ್ನು ಕೊನೆಗೆ ನೋಡಿ. ಟ್ಯಾಂಕು, ಸ್ಟಿಕ್ಕರು, ಸೀಟು, ಪೇಂಟು ಎಲ್ಲ ಕೊನೆಗೆ.

ಇದನ್ನು ಕಲಿಯೋಕೆ ನಾನು 38,000 ರೂಪಾಯಿ ಕೊಟ್ಟಿದ್ದೇನೆ. ಮೈಸೂರಿನ ಹತ್ತಿರದ ಒಂದು ಊರಲ್ಲಿ "ಒರಿಜಿನಲ್ ಜಾವಾ ಎ ಟೈಪ್, ತಾತನ ಗಾಡಿ" ಅಂತ ಒಬ್ಬರು ತೋರಿಸಿದರು. ಎ ಟೈಪ್ ಅಂದರೆ ಮೈಸೂರಲ್ಲಿ ಮೊದಮೊದಲು ತಯಾರಾದ ಜಾವಾ 250. ಸಂಜೆ ಹೊತ್ತು, ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದರು, ಒಂದೇ ಬಲ್ಬು. ಟ್ಯಾಂಕ್ ಮಾತ್ರ ಫಳಫಳ. ಆರ್‌ಸಿ ಕೇಳಿದರೆ "ಬೀರುವಿನಲ್ಲಿದೆ, ಬೀಗದ ಕೈ ಮಗಳ ಹತ್ತಿರ, ನಾಳೆ ಕೊಡ್ತೀನಿ" ಅಂದರು. ನಾನು ತಲೆ ಅಲ್ಲಾಡಿಸಿದೆ. ಮಾರನೇ ದಿನ ಗಾಡಿ ತಂದು ನಮ್ಮ ಮೇಸ್ತ್ರಿ ಮುಂದೆ ನಿಲ್ಲಿಸಿದೆ. ಅವರು ಸೀಟು ಎತ್ತಿದರು, ಬಗ್ಗಿ ನೋಡಿದರು, ಬೆರಳ ಉಗುರಿಂದ ಒಂದು ಮೂಲೆ ಕೆರೆದರು. ಮೆರೂನ್ ಕೆಳಗೆ ಕಪ್ಪು. "ಸ್ವಾಮಿ, ಇದು ಜಾವಾ ಅಲ್ಲ, ಜಾವಾದ ಅಂಗಿ ಹಾಕ್ಕೊಂಡಿರೋ ಯೆಜ್ಡಿ" ಅಂದರು. ಟ್ಯಾಂಕ್ ಕೂರಿಸೋಕೆ ಫ್ರೇಮಿಗೆ ಹೊಸದಾಗಿ ಒಂದು ಪಟ್ಟಿ ವೆಲ್ಡ್ ಮಾಡಿದ್ದರು, ಆ ವೆಲ್ಡಿಂಗ್ ಗಂಟು ನನ್ನ ಕಣ್ಣೆದುರೇ ಇತ್ತು, ಹಿಂದಿನ ಸಂಜೆಯೂ ಅಲ್ಲೇ ಇತ್ತು. ಆರ್‌ಸಿ ಕೈಗೆ ಬಂದಾಗ ನೋಡಿದರೆ ಯೆಜ್ಡಿ, 1984. ಅಂದರೆ ಯಾವುದನ್ನೂ ಯಾರೂ ಬಚ್ಚಿಟ್ಟಿರಲಿಲ್ಲ, ನಾನೇ ನೋಡಿರಲಿಲ್ಲ.

ಇಸವಿ ತಲೆಯಲ್ಲಿರಲಿ

ಗಾಡಿ ನೋಡೋಕೆ ಹೋಗುವ ಮುಂಚೆ ನಾಲ್ಕೈದು ಇಸವಿ ಗೊತ್ತಿದ್ದರೆ ಅರ್ಧ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. ಜಾವಾ ಹುಟ್ಟಿದ್ದು ಚೆಕ್ ನಾಡಿನಲ್ಲಿ, 1929ರಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಅನ್ನುವವರು ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿನ್ಯಾಸ ಕೊಂಡುಕೊಂಡು, ಎರಡೂ ಹೆಸರಿನ ಮೊದಲ ಎರಡೆರಡು ಇಂಗ್ಲಿಷ್ ಅಕ್ಷರ (Ja, Wa) ಸೇರಿಸಿ ಜಾವಾ ಅಂದರು. ಇಂಡೋನೇಷ್ಯಾದ ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧ ಇಲ್ಲ. ನಮ್ಮಲ್ಲಿ ಫಾರೂಕ್ ಇರಾನಿ ಅವರ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ ಶುರುವಾಯಿತು, 1961ರಲ್ಲಿ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. 1973ರಿಂದ ಗಾಡಿಯ ಹೆಸರು ಯೆಜ್ಡಿ ಆಯಿತು. ರೋಡ್‌ಕಿಂಗ್ ಅನ್ನೋ ಯೆಜ್ಡಿ ಮಾಡೆಲ್ ಬಂದದ್ದು 1978ರಲ್ಲಿ. ಕಾರ್ಖಾನೆಗೆ ಬೀಗ ಬಿದ್ದದ್ದು 1996ರಲ್ಲಿ.

ಈಗ ಲೆಕ್ಕ ಹಾಕಿ. ಯಾರಾದರೂ "1982ರ ಜಾವಾ, ಮೈಸೂರು ಮೇಕ್" ಅಂದರೆ ಅಲ್ಲೇ ನಿಂತುಬಿಡಿ. ಆ ಹೊತ್ತಿಗೆ ಮೈಸೂರಲ್ಲಿ ಜಾವಾ ಹೆಸರೇ ಇರಲಿಲ್ಲ. ಇಸವಿಯಾದರೂ ತಪ್ಪಿರಬೇಕು, ಟ್ಯಾಂಕಾದರೂ ಬೇರೆ ಗಾಡಿಯದ್ದಿರಬೇಕು. ಹಾಗಂತ ಎಲ್ಲರೂ ಮೋಸಗಾರರಲ್ಲ. ನಮ್ಮ ಕಡೆ ಹಿರಿಯರು ಯೆಜ್ಡಿಯನ್ನೂ ಜಾವಾ ಅಂತಲೇ ಕರೆದದ್ದುಂಟು, ಬಾಯಿ ಮಾತಿಗೆ ಅದು ಸರಿ. ದುಡ್ಡು ಕೊಡುವಾಗ ಮಾತ್ರ ಸರಿಯಲ್ಲ.

2018ರಲ್ಲಿ ಮತ್ತೆ ಬಂತಲ್ಲ, ಆ ಹೊಸ ಜಾವಾವನ್ನು ದೂರದಿಂದ ನೋಡಿ ಹಳೇದು ಅಂದುಕೊಳ್ಳುವವರೂ ಇದ್ದಾರೆ. ಎಂಜಿನ್ ಮುಂದೆ ರೇಡಿಯೇಟರ್ ಇದೆಯಾ ನೋಡಿ. ಇದ್ದರೆ ಅದು ಹೊಸದು, ಫೋರ್ ಸ್ಟ್ರೋಕ್. ಹಳೇದು ಗಾಳಿಗೇ ತಣ್ಣಗಾಗುವ ಟೂ ಸ್ಟ್ರೋಕ್.

ಹತ್ತಡಿ ದೂರದಲ್ಲಿ ನಿಂತು

ಮೊದಲು ಹತ್ತಿರ ಹೋಗಬೇಡಿ. ದೂರದಲ್ಲೇ ನಿಂತು ಸೈಲೆನ್ಸರ್ ಎಣಿಸಿ. ಜಾವಾ 250, ಯೆಜ್ಡಿ 250ಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು, ಎಡಕ್ಕೊಂದು ಬಲಕ್ಕೊಂದು. ಒಂದೇ ಸಿಲಿಂಡರಿನಿಂದ ಎರಡು ಕೊಳವೆ ಹೊರಡುತ್ತದೆ. ಇದು ಗೊತ್ತಿಲ್ಲದವರಿಗೆ "ಇದು ಟ್ವಿನ್ ಸಾರ್, 350 ಸಿಸಿ, ತುಂಬಾ ಅಪರೂಪ" ಅಂತ 250ನ್ನೇ ಮಾರುವವರಿದ್ದಾರೆ. ಯೆಜ್ಡಿ 350 ಟ್ವಿನ್ ಅನ್ನೋ ಗಾಡಿ ನಿಜವಾಗಿಯೂ ಬಂದಿತ್ತು, ನಿಜವಾಗಿಯೂ ಅಪರೂಪ. ಆದರೆ ಎರಡಕ್ಕೂ ವ್ಯತ್ಯಾಸ ಹೇಳೋಕೆ ಎಂಜಿನಿಯರ್ ಬೇಡ, ಸೈಲೆನ್ಸರ್ ಬಿಟ್ಟು ಸ್ಪಾರ್ಕ್ ಪ್ಲಗ್ ಎಣಿಸಿ. ಎರಡು ಸಿಲಿಂಡರ್ ಇದ್ದರೆ ಪ್ಲಗ್ಗೂ ಎರಡಿರುತ್ತದೆ. ಒಂದೇ ಪ್ಲಗ್, ಎರಡು ಸೈಲೆನ್ಸರ್ ಅಂದರೆ ಅದು 250, ಮುಂದೆ ಮಾತೇ ಇಲ್ಲ.

ಆಮೇಲೆ ಚಕ್ರ ನೋಡಿ. ಜಾವಾ ಮತ್ತು ಅದೇ ಜಾಡಿನಲ್ಲಿ ಬಂದ ಕ್ಲಾಸಿಕ್‌ನಂಥ ಯೆಜ್ಡಿಗಳಿಗೆ 16 ಇಂಚಿನ ಚಕ್ರ, ಹಾಗಾಗಿ ಗಾಡಿ ಸ್ವಲ್ಪ ತಗ್ಗಾಗಿ, ದುಂಡಗೆ, ಕುಳಿತ ಹಾಗೆ ಕಾಣುತ್ತದೆ. ರೋಡ್‌ಕಿಂಗ್‌ಗೆ 18 ಇಂಚು, ನಿಲುವೇ ಬೇರೆ. ಟೈರ್ ಪಕ್ಕದಲ್ಲಿ ಸೈಜ್ ಬರೆದಿರುತ್ತದೆ, ಕಡೇ ಎರಡು ಅಂಕಿ ಓದಿ ಸಾಕು. ರಿಮ್ ಬದಲಾಯಿಸಿರಬಹುದು ನಿಜ, ಆದರೆ ಮಡ್‌ಗಾರ್ಡ್ ಬಾಗು ಆ ಚಕ್ರಕ್ಕೆ ಹೊಂದಿಕೆಯಾಗದೆ ಒಂದು ಕಡೆ ಜಾಸ್ತಿ ಗ್ಯಾಪ್ ಬಿಟ್ಟು ನಿಂತಿರುತ್ತದೆ, ಅದು ದೂರದಿಂದಲೇ ಕಾಣುತ್ತದೆ.

ಇನ್ನು ಚೈನ್. ಹಳೇ ಜಾವಾದಲ್ಲಿ ಚೈನ್ ಕಾಣಲೇಬಾರದು. ಮುಂದಿನಿಂದ ಹಿಂದಿನವರೆಗೂ ಪೂರ್ತಿ ತಗಡಿನ ಕವರ್ ಒಳಗೆ ಇರುತ್ತದೆ. ಅರ್ಧ ಕವರ್ ಅಥವಾ ಬರೀ ಚೈನ್ ಕಂಡರೆ ಯಾರೋ ಕಿತ್ತು ಹಾಕಿದ್ದಾರೆ, ಚೌಕಾಸಿಗೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಕಾಲಿಗೆ ಗೊತ್ತಾಗುವುದು

ಈಗ ಹತ್ತಿರ ಹೋಗಿ. ಎಡಗಡೆ ಗೇರ್ ಲಿವರ್ ಇದೆಯಲ್ಲ, ಅದೇ ಕಿಕ್ಕರ್ ಕೂಡ. ಅದನ್ನು ಎಂಜಿನ್ ಕಡೆಗೆ ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಸ್ಟಾರ್ಟ್ ಆದ ಮೇಲೆ ಮತ್ತೆ ಕೆಳಗಿಳಿಸಿದರೆ ಗೇರ್. ಮೊದಲ ಸಲ ನೋಡಿದವರಿಗೆ ಇದು ಜಾದೂ. ನಾನು ಚಿಕ್ಕವನಿದ್ದಾಗ ಪಕ್ಕದ ಮನೆ ಮಾವ ಆಫೀಸಿಗೆ ಹೊರಡುವಾಗ ಇದೊಂದನ್ನು ನೋಡೋಕೆ ಗೇಟ್ ಹತ್ತಿರ ನಿಲ್ಲುತ್ತಿದ್ದೆ. ಕಿಕ್ಕರ್ ಬೇರೆ ಬಲಗಡೆ, ಗೇರ್ ಬೇರೆ ಎಡಗಡೆ ಇದ್ದರೆ ಆ ಎಂಜಿನ್ ಈ ಮನೆತನದ್ದಲ್ಲ, ಅಷ್ಟೇ.

ಲಿವರ್ ಒಳಕ್ಕೆ ಹೋಗುವಾಗ ಹೇಗಿದೆ ಅನ್ನೋದನ್ನೂ ಗಮನಿಸಿ. ಗಟ್ಟಿಯಾಗಿ, ಒಂದೇ ಸಲಕ್ಕೆ ಹೋಗಬೇಕು. ಲಡಲಡ ಅಲ್ಲಾಡಿದರೆ ಒಳಗೆ ಸವೆದಿದೆ. ಮತ್ತೊಂದು ಪರೀಕ್ಷೆ: ಹಳೇ ಜಾವಾದಲ್ಲಿ ಗೇರ್ ಲಿವರ್ ತುಳಿದಾಗಲೇ ಕ್ಲಚ್ ತಾನಾಗಿ ಬಿಡುತ್ತದೆ, ಕೈಯಲ್ಲಿ ಕ್ಲಚ್ ಹಿಡಿಯದೆಯೂ ಗೇರ್ ಹಾಕಬಹುದು. ಎಂಜಿನ್ ಆಫ್ ಇದ್ದಾಗ ಲಿವರನ್ನು ನಿಧಾನ ಒತ್ತಿ, ಹ್ಯಾಂಡಲ್ ಮೇಲಿನ ಕ್ಲಚ್ ಲಿವರ್ ಸಡಿಲವಾಗುತ್ತದಾ ನೋಡಿ. ಸಡಿಲವಾದರೆ ಒಳಗಿನ ಏರ್ಪಾಡು ಹಾಗೇ ಇದೆ ಅಂತ ಅರ್ಥ. ಹಲವು ಗಾಡಿಗಳಲ್ಲಿ ಯಾವುದೋ ಕಾಲದಲ್ಲಿ ಯಾರೋ ಮೆಕ್ಯಾನಿಕ್ "ಇದು ಸುಮ್ನೆ ತೊಂದರೆ" ಅಂತ ಇದನ್ನು ತೆಗೆದುಬಿಟ್ಟಿರುತ್ತಾರೆ.

ಕೀಲಿ ಕೇಳಿ. ಹಳೇ ಜಾವಾ ಕೀಲಿ ಕೀಲಿಯ ಹಾಗಿರುವುದಿಲ್ಲ, ಮೊಳೆಯ ಹಾಗಿರುತ್ತದೆ. ತೂತಿಗೆ ಒತ್ತಿದರೆ ಇಗ್ನಿಷನ್ ಆನ್. ಒಬ್ಬರ ಕೀಲಿ ಇನ್ನೊಬ್ಬರ ಗಾಡಿಗೂ ಆಗುತ್ತಿತ್ತು, ಮೊಳೆ ಹಾಕಿ ಗಾಡಿ ತಗೊಂಡು ಹೋದ ಕಥೆ ಮೈಸೂರಲ್ಲಿ ಪ್ರತಿ ಬೀದಿಗೊಂದು ಇದೆ. ಈಗ ಅಂಗಡಿಯಲ್ಲಿ ಸಿಗುವ ಯಾವುದೋ ಸ್ವಿಚ್ ಕೂರಿಸಿದ್ದರೆ ಗಾಬರಿ ಬೇಡ, ಆದರೆ "ಎಲ್ಲಾ ಒರಿಜಿನಲ್" ಅನ್ನೋ ಮಾತನ್ನು ಅಲ್ಲಿಗೆ ನಿಲ್ಲಿಸಬಹುದು. ಕಾರ್ಬ್ಯುರೇಟರ್ ಕೂಡ ಹಾಗೇ. ಹಳೇದಕ್ಕೆ ಯಿಕೋವ್ ಅನ್ನೋ ಚೆಕ್ ಹೆಸರಿನದ್ದು ಬರುತ್ತಿತ್ತು, ನಮ್ಮವರು ಜಿಕೋವ್ ಅನ್ನುತ್ತಾರೆ. ಅದು ಹಾಗೇ ಉಳಿದಿದ್ದರೆ ಮಾಲೀಕರು ಕಾಳಜಿ ಇದ್ದವರು.

ಅಪರೂಪದ ಮಾಡೆಲ್‌ಗಳ ಬಗ್ಗೆ ಒಂದು ಮಾತು. ಆಯಿಲ್‌ಕಿಂಗ್ ಅಂತ ಒಂದು ಯೆಜ್ಡಿ ಇತ್ತು. ಬೇರೆ ಯೆಜ್ಡಿಗಳಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು, ಇದರಲ್ಲಿ ಆಯಿಲಿಗೆ ಬೇರೆ ಟ್ಯಾಂಕು, ಬೇರೆ ಪಂಪು. ಅದನ್ನು ಗುರುತಿಸೋದು ಹೆಸರಿನಿಂದಲ್ಲ, ಆ ಪಂಪಿನಿಂದ. ನಾನು ನೋಡಿದ ಎರಡರಲ್ಲಿ ಒಂದಕ್ಕೆ ಪಂಪೇ ಇರಲಿಲ್ಲ, ಯಾವತ್ತೋ ಕೆಟ್ಟಿತಂತೆ, ಕಿತ್ತು ಜಾಗಕ್ಕೆ ತಗಡು ಮುಚ್ಚಿ ಪೆಟ್ರೋಲಿಗೇ ಆಯಿಲ್ ಹಾಕಿ ಓಡಿಸಿದ್ದರು. ಇನ್ನು ಸಣ್ಣ ಗಾಡಿಗಳು, 50 ಸಿಸಿ ಜಾವಾ ಜೆಟ್, ಆಮೇಲಿನ 60 ಸಿಸಿ ಯೆಜ್ಡಿ, ಕೋಲ್ಟ್. ಇವಕ್ಕೆ ಬೆಲೆ ಇಲ್ಲ ಅಂತ ಜನ ಗುಜರಿಗೆ ಹಾಕಿದರು, ಹಾಗಾಗಿಯೇ ಈಗ ಕಾಣಸಿಗುವುದಿಲ್ಲ. ಹಳ್ಳಿ ಮನೆಯ ಹಿತ್ತಲಲ್ಲಿ ಸೌದೆ ಕೆಳಗೆ ಇಂಥದ್ದು ಸಿಕ್ಕರೆ ದೊಡ್ಡ 250 ಬಿಟ್ಟು ಅದನ್ನೇ ಎತ್ತಿಕೊಳ್ಳಿ ಅಂತ ನಾನು ಹೇಳುತ್ತೇನೆ.

ನಂಬರ್, ನಂಬರ್, ನಂಬರ್

ಇಲ್ಲಿ ಆತುರ ಬೇಡ. ಚಾಸಿಸ್ ನಂಬರ್ ಸಾಮಾನ್ಯವಾಗಿ ಹ್ಯಾಂಡಲ್ ಕೂರುವ ಸ್ಟೀರಿಂಗ್ ಹೆಡ್ ಹತ್ತಿರ ಫ್ರೇಮಿನ ಮೇಲೆ, ಎಂಜಿನ್ ನಂಬರ್ ಎಂಜಿನ್ನಿನ ಕೆಳಭಾಗದ ಲೋಹದ ಕವಚವಾದ ಕ್ರ್ಯಾಂಕ್‌ಕೇಸ್ ಮೇಲೆ ಪಂಚ್ ಆಗಿರುತ್ತದೆ. ಜೊತೆಗೆ ಒಯ್ಯಬೇಕಾದ್ದು: ಸ್ವಲ್ಪ ಸೀಮೆಎಣ್ಣೆ ಅಥವಾ ಥಿನ್ನರ್, ಹಳೇ ಹಲ್ಲುಜ್ಜುವ ಬ್ರಷ್, ಬಟ್ಟೆ, ಟಾರ್ಚ್, ಪೆನ್ಸಿಲ್, ಸೆಲ್ಲೋಟೇಪ್, ಒಂದು ಅಯಸ್ಕಾಂತ. ವೈರ್ ಬ್ರಷ್ ಬೇಡ, ಅಂಕಿ ಸವೆಯುತ್ತದೆ. ಗ್ರೀಸ್, ಮಣ್ಣು ತೆಗೆದು ಒರೆಸಿ, ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೇರ ಬೆಳಕಲ್ಲಿ ಎಲ್ಲಾ ನಂಬರ್ ಚೆನ್ನಾಗೇ ಕಾಣುತ್ತದೆ. ಓರೆ ಬೆಳಕು ಬಿದ್ದಾಗ ಮಾತ್ರ ಗ್ರೈಂಡರ್ ಆಡಿಸಿದ ಗೆರೆ, ತಗ್ಗು, ಹಳೇ ಅಂಕಿಯ ನೆರಳು ಮೇಲೇಳುತ್ತದೆ.

ಆಮೇಲೆ ಬೆರಳು ಆಡಿಸಿ. ನಂಬರ್ ಇರುವ ಜಾಗ ಅಕ್ಕಪಕ್ಕದ ಲೋಹಕ್ಕಿಂತ ಹಳ್ಳವಾಗಿದ್ದರೆ ಯಾರೋ ಉಜ್ಜಿದ್ದಾರೆ. ಅಂಕಿಗಳು ಒಂದೇ ಅಚ್ಚಿನ ಹಾಗಿವೆಯಾ? ಒಂದು 3 ದಪ್ಪ, ಇನ್ನೊಂದು 3 ತೆಳು ಇದ್ದರೆ ಅನುಮಾನ ಪಡಿ. ಕೈಯಲ್ಲಿ ಪಂಚ್ ಹೊಡೆದ ಹಳೇ ಕಾಲದ ನಂಬರು ಸ್ವಲ್ಪ ಸೊಟ್ಟ ಇರುವುದು ತಪ್ಪಲ್ಲ. ನೀಟಾಗಿ, ನಿನ್ನೆ ಹೊಡೆದ ಹಾಗೆ ಚೂಪಾಗಿ ಇರುವುದೇ ಜಾಸ್ತಿ ಹೆದರಿಕೆ ಹುಟ್ಟಿಸಬೇಕು, ಅದರಲ್ಲೂ ಸುತ್ತಲಿನ ಲೋಹ ತುಕ್ಕು ಹಿಡಿದಿದ್ದು ನಂಬರ್ ಪಟ್ಟಿ ಮಾತ್ರ ನುಣ್ಣಗಿದ್ದರೆ.

ಪೆನ್ಸಿಲ್ ಯಾಕೆ ಅಂದರೆ, ಆರ್‌ಟಿಓ ಕೆಲಸಕ್ಕೆ ಮಾಡುವ ಹಾಗೆ ನಂಬರ್ ಮೇಲೆ ಪೆನ್ಸಿಲ್ ಉಜ್ಜಿ, ಟೇಪ್ ಅಂಟಿಸಿ ತೆಗೆದರೆ ನಂಬರಿನ ಅಚ್ಚು ಟೇಪಿಗೆ ಬರುತ್ತದೆ. ಅದನ್ನು ಬಿಳೀ ಹಾಳೆಗೆ ಅಂಟಿಸಿ ಮನೆಗೆ ತನ್ನಿ. ಫೋನಿನ ಫೋಟೋದಲ್ಲಿ ಕಾಣದ ಎಷ್ಟೋ ಸಂಗತಿ ಅದರಲ್ಲಿ ಕಾಣುತ್ತದೆ, 8 ಮಾಡಿದ 3 ಕೂಡ.

ಎಂಜಿನ್ ಜೋಡಣೆಯ ಗೆರೆಯನ್ನೂ ನೋಡಿ. ಈ ಎಂಜಿನ್ನಿನ ಕ್ರ್ಯಾಂಕ್‌ಕೇಸ್ ಎಡ, ಬಲ ಎರಡು ಹೋಳಾಗಿ ಇರುತ್ತದೆ, ಎರಡನ್ನೂ ಜೋಡಿಯಾಗಿಯೇ ಕಡೆದಿರುತ್ತಾರೆ. ಬೇರೆ ಬೇರೆ ಗಾಡಿಯ ಹೋಳುಗಳನ್ನು ಸೇರಿಸಿದ್ದರೆ ಆ ಗೆರೆ ಹತ್ತಿರ ಒಂದು ಕಡೆ ಸ್ವಲ್ಪ ಉಬ್ಬು, ಇನ್ನೊಂದು ಕಡೆ ಸ್ವಲ್ಪ ತಗ್ಗು ಉಗುರಿಗೆ ತಾಗುತ್ತದೆ.

ಪೇಂಟ್ ನೋಡುವುದು ಕೊನೆಗೆ ಅಂದೆ. ನೋಡುವಾಗ ಕಾಣುವ ಜಾಗ ಬಿಟ್ಟು ಕಾಣದ ಜಾಗ ನೋಡಿ: ಸೀಟಿನ ಕೆಳಗೆ, ಟೂಲ್ ಬಾಕ್ಸ್ ಒಳಗೆ, ಟ್ಯಾಂಕಿನ ಹೊಟ್ಟೆ, ಮಡ್‌ಗಾರ್ಡಿನ ಒಳಮೈ. ಪೇಂಟರ್ ಎಷ್ಟೇ ಶ್ರದ್ಧೆಯವನಾದರೂ ಟೂಲ್ ಬಾಕ್ಸಿನ ಒಳ ಮೂಲೆಗೆ ಉಜ್ಜು ಕಾಗದ ಹಾಕುವುದಿಲ್ಲ. ಅಯಸ್ಕಾಂತ ಹಿಡಿದು ಟ್ಯಾಂಕ್, ಮಡ್‌ಗಾರ್ಡ್ ಮೇಲೆ ಮೆಲ್ಲಗೆ ಜರುಗಿಸಿ, ಹಿಡಿತ ಬಿಟ್ಟ ಕಡೆ ಕೆಳಗೆ ತಗ್ಗು ಮುಚ್ಚೋಕೆ ಮೆತ್ತಿದ ಪುಟ್ಟಿ ಇದೆ.

ಕಾಗದ

ಆರ್‌ಸಿ ಕಣ್ಣಿಗೆ ಬೀಳದೆ ಒಂದು ರೂಪಾಯಿ ಅಡ್ವಾನ್ಸ್ ಕೂಡ ಕೊಡಬೇಡಿ. ಕಂಪನಿ ಹೆಸರು, ತಯಾರಾದ ತಿಂಗಳು, ಇಸವಿ, ಸಿಸಿ, ಬಣ್ಣ, ಎರಡೂ ನಂಬರ್ ಎಲ್ಲವನ್ನೂ ನಿಮ್ಮ ಪೆನ್ಸಿಲ್ ಅಚ್ಚಿನ ಜೊತೆ ಇಟ್ಟು ಒಂದೊಂದೇ ಅಂಕಿ ಓದಿ. ನಂಬರ್ ಪ್ಲೇಟ್ ಕೂಡ ಕಥೆ ಹೇಳುತ್ತದೆ. ಕರ್ನಾಟಕದಲ್ಲಿ ಎಂವೈ ಅಂತ ಶುರುವಾಗುವ ನಂಬರ್ ಮೈಸೂರು ರಾಜ್ಯದ ಕಾಲದಿಂದ ಬಂದದ್ದು, ಎಂಇ, ಸಿಎ ಸರಣಿಗಳು ಅದರ ನಂತರದವು, ಕೆಎ ಬಂದದ್ದು 1989ರಲ್ಲಿ. "1965ರ ಗಾಡಿ, ಮೊದಲಿಂದ ನಮ್ಮ ಮನೇಲೇ ಇದೆ" ಅಂತ ಹೇಳಿ ಪ್ಲೇಟ್ ಮೇಲೆ ಕೆಎ ಇದ್ದರೆ, ಯಾವಾಗ, ಯಾಕೆ ಮರು ನೋಂದಣಿ ಆಯಿತು ಅಂತ ಕೇಳಲೇಬೇಕು. ನಾನು ತಂದ ಗಾಡಿಯ ಪ್ಲೇಟ್ ಮೇಲೆ ಸಿಎ ಇತ್ತು, ಎ ಟೈಪಿಗೆ ಅದು ಹೇಗೆ ಬಂತು ಅಂತ ಆವತ್ತು ತಲೆಗೇ ಹೊಳೆಯಲಿಲ್ಲ.

ತುಂಬಾ ಹಳೇ ಆರ್‌ಸಿ ಪುಸ್ತಕದ ಮಾಹಿತಿ ಆನ್‌ಲೈನಿನಲ್ಲಿ ಸಿಗದೇ ಇರಬಹುದು, ಬ್ಯಾಕ್‌ಲಾಗ್ ಎಂಟ್ರಿ ಆಗಿಲ್ಲ, ಅಂದರೆ ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಏರಿಸಿಲ್ಲ ಅಂತ ಅರ್ಥ. ಅದು ಮೋಸದ ಗುರುತಲ್ಲ, ಓಡಾಟದ ಗುರುತು. ಯಾವ ಆರ್‌ಟಿಓದಲ್ಲಿ ಮೊದಲು ನೋಂದಣಿ ಆಗಿತ್ತೋ ಅಲ್ಲಿಗೆ ಹೋಗಬೇಕು, ಆ ಓಡಾಟ ಮಾರುವವರೇ ಮಾಡಲಿ.

2021ರ ಕೇಂದ್ರದ ನಿಯಮದಲ್ಲಿ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿಗೆ ವಿಂಟೇಜ್ ನೋಂದಣಿ ಉಂಟು. ಹೊಸದಾಗಿ ಮಾಡಿಸಿದರೆ ಶುಲ್ಕ 20,000 ರೂಪಾಯಿ, ಮರು ನೋಂದಣಿಗೆ 5,000, ಅವಧಿ 10 ವರ್ಷ, ನಂಬರಿನಲ್ಲಿ ವಿಎ ಅನ್ನೋ ಅಕ್ಷರ. ದಿನಾ ಆಫೀಸಿಗೆ ಓಡಿಸುವ ಹಾಗಿಲ್ಲ. ಚಾಸಿಸ್, ಎಂಜಿನ್ ಬದಲಾಯಿಸಿ ಕಟ್ಟಿದ ಗಾಡಿಗೆ ಇದು ಸಿಗುವುದಿಲ್ಲ, ಹಾಗಾಗಿ ಒರಿಜಿನಲ್ ಹೌದೋ ಅಲ್ಲವೋ ಅನ್ನೋದು ಬರೀ ಶೋಕಿಯ ಪ್ರಶ್ನೆ ಅಲ್ಲ.

ಬೇರೆ ಗಾಡಿಗಳಿಗೂ ಇದೇ ಬುದ್ಧಿ ಓಡುತ್ತದೆ. ಯಮಹಾ ಆರ್‌ಎಕ್ಸ್ 100 ನಮ್ಮಲ್ಲಿ 1985ರಿಂದ 1996ರವರೆಗೆ ಬಂತು, ಶುರುವಿನ ಗಾಡಿಗಳು ಮಾತ್ರ ಜಪಾನಿನಿಂದ ಬಂದ ಬಿಡಿಭಾಗ ಜೋಡಿಸಿದವು. ಆದರೆ ಮಾರುವವರ ಬಾಯಲ್ಲಿ ಎಲ್ಲವೂ "ಜಪಾನ್ ಪೀಸ್", 1994ರದ್ದೂ ಕೂಡ. ರಾಜ್‌ದೂತ್ 350ರಲ್ಲಿ ಮುಂದೆ ಡಿಸ್ಕ್ ಬ್ರೇಕ್ ಕಂಡು ಕೆಲವರು ಖುಷಿ ಪಡುತ್ತಾರೆ. ನಮ್ಮ ದೇಶದಲ್ಲಿ ಆ ಗಾಡಿ ಡ್ರಮ್ ಬ್ರೇಕಿನಲ್ಲೇ ಬಂದದ್ದು, ಡಿಸ್ಕ್ ಆಮೇಲೆ ಹಾಕಿಸಿದ್ದು. ಓಡಿಸೋಕೆ ಅದು ಒಳ್ಳೇದೇ, ಒರಿಜಿನಲ್ ಅಂತ ದುಡ್ಡು ಕೇಳೋಕೆ ಆಗಲ್ಲ ಅಷ್ಟೇ. ಹಳೇ ಬುಲೆಟ್ ಅಂದರೆ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಎಡಕ್ಕೆ ಗೇರ್ ಇದ್ದು "ಅರವತ್ತರ ದಶಕದ್ದು" ಅಂದರೆ ನಕ್ಕು, ಟೀ ಕುಡಿದು ಬನ್ನಿ.

ಇದೆಲ್ಲ ಓದಿ ಕಲಿಯೋದಕ್ಕಿಂತ ಒಂದು ಒಳ್ಳೇ ಗಾಡಿಯನ್ನು ಅರ್ಧ ಗಂಟೆ ನೋಡಿ ಕಲಿಯೋದು ಸುಲಭ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ, ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ಗಾಡಿಗಳು ಸಾಲಾಗಿ ಬಂದು ನಿಲ್ಲುತ್ತವೆ. ಬೆಳಿಗ್ಗೆ ಬೇಗ ಹೋಗಿ. ಹೊಳೆಯುವ ಗಾಡಿ ಬಿಟ್ಟು, ಬಣ್ಣ ಮಾಸಿದ, ಒಂದೇ ಮನೆಯಲ್ಲಿ ಉಳಿದ ಗಾಡಿಯ ಪಕ್ಕ ಕೂತುಕೊಳ್ಳಿ. "ಸಾರ್, ಸೀಟ್ ಎತ್ತಿ ತೋರಿಸ್ತೀರಾ?" ಅಂತ ಕೇಳಿ. ಬೇಡ ಅಂದವರನ್ನು ನಾನು ಇನ್ನೂ ನೋಡಿಲ್ಲ, ಸೀಟ್ ಎತ್ತಿದವರು ಗಾಡಿಯ ಅರ್ಧ ಜಾತಕ ಹೇಳದೆ ಬಿಟ್ಟದ್ದನ್ನೂ ನೋಡಿಲ್ಲ.

ನನ್ನ 1984ರ ಗಾಡಿ ಈಗಲೂ ಇದೆ. ವೆಲ್ಡ್ ಮಾಡಿದ ಪಟ್ಟಿ ಕತ್ತರಿಸಿ ತೆಗೆಸಿದೆ, ಕಪ್ಪು ಬಣ್ಣ ಹೊಡೆಸಿ ಯೆಜ್ಡಿ ಟ್ಯಾಂಕನ್ನೇ ಹುಡುಕಿ ಕೂರಿಸಿದ್ದೇನೆ. ಆ ಮೆರೂನ್ ಟ್ಯಾಂಕ್ ಮಾತ್ರ ನಿಜವಾದ ಜಾವಾದ್ದೇ, ಅಟ್ಟದ ಮೇಲೆ ಗೋಣಿಚೀಲ ಸುತ್ತಿ ಇಟ್ಟಿದ್ದೇನೆ. ಯಾರ ಹತ್ತಿರವಾದರೂ ಎ ಟೈಪ್ ಇದ್ದು ಟ್ಯಾಂಕ್ ಇಲ್ಲದೆ ಪರದಾಡುತ್ತಿದ್ದರೆ ಬಂದು ತಗೊಂಡು ಹೋಗಲಿ. ಬರುವಾಗ ಆರ್‌ಸಿ ತರಬೇಕು.